ಯಾರ ಫಿಟ್ಸ್‌ಗೆ ಎಷ್ಟು ವರ್ಷ ಕಾಯಬೇಕು?

(ಅಮೆರಿಕದಲ್ಲಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಮೂರ್ಛೆ ರೋಗ ಇದೆ. ಮನೆಗಳಲ್ಲಿ ಫಿಟ್ಸ್ ಅಂತ ಕರೆಯುತ್ತೇವಲ್ಲ, ಅದೇ. ಎರಡು ಹೊತ್ತು ಮಾತ್ರೆ ತೆಗೆದುಕೊಳ್ಳುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಮಕ್ಕಳನ್ನು ಬೆಳೆಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕಂದ್ರೆ ನಮ್ಮವರ ಸಭೆಗಳಲ್ಲಿ ಯಾರೂ ಇದನ್ನು ಮೈಕ್ ಹಿಡಿದು ಹೇಳುವುದಿಲ್ಲ. ಶುಗರ್, ಬಿಪಿ ಬಗ್ಗೆ ಊಟಕ್ಕೆ ಕೂತಾಗಲೂ ಆರಾಮಾಗಿ ಮಾತಾಡುತ್ತೇವೆ. ಫಿಟ್ಸ್ ಅಂದ ತಕ್ಷಣ ದನಿ ತಗ್ಗುತ್ತದೆ. ಮಗಳ ಮದುವೆಗೆ ಅಡ್ಡಿಯಾಗುತ್ತೋ, ಆಫೀಸಿನಲ್ಲಿ ಏನಂದುಕೊಳ್ಳುತ್ತಾರೋ ಅನ್ನುವ ಭಯ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದೇ ಕಾಯಿಲೆ ಇರುವ, ಇದೇ ದೇಶದಲ್ಲಿ ಹುಟ್ಟಿ ಬೆಳೆದ ಕಪ್ಪು ಜನರ ಬಗ್ಗೆ ಜಾಸ್ತಿ. ನನ್ನ ಬಗ್ಗೆ, ನಮ್ಮ ಬಗ್ಗೆ ಅಲ್ಲಲ್ಲಿ ಬರುತ್ತದೆ. ನಾನು ಹೋಗುವ ಮೂರ್ಛೆ ರೋಗಿಗಳ ಬೆಂಬಲ ಗುಂಪಿನಲ್ಲಿ ಎಲ್ಲ ಬಣ್ಣದವರೂ ಇದ್ದಾರೆ. ಕಾಯಿಲೆ ಒಂದೇ. ಆದರೆ 'ನಿಮಗೆ ಸರಿಯಾದ ಔಷಧಿ ಸಿಕ್ಕಿದ್ದು ಯಾವಾಗ?' ಅಂತ ಕೇಳಿದರೆ ಬರುವ ಉತ್ತರಗಳು ಒಂದೇ ಅಲ್ಲ. ಒಬ್ಬರು ಆರು ತಿಂಗಳು ಅನ್ನುತ್ತಾರೆ, ಪಕ್ಕದಲ್ಲಿ ಕೂತವರು ಒಂಬತ್ತು ವರ್ಷ ಅನ್ನುತ್ತಾರೆ. ಆ ಒಂಬತ್ತು ವರ್ಷ ಎಲ್ಲಿ ಹೋಯಿತು? ಯಾರು ತಿಂದರು? ಇವತ್ತಿನ ಮಾತು ಪೂರ್ತಿ ಅದರ ಸುತ್ತಲೇ.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಇದು ಇದೆ. ಅಮೆರಿಕದಲ್ಲಿ ಸುಮಾರು 30 ಲಕ್ಷ ವಯಸ್ಕರು, 4 ಲಕ್ಷಕ್ಕೂ ಹೆಚ್ಚು ಮಕ್ಕಳು. ಇಲ್ಲಿ ಪ್ರತಿ 26 ಜನರಲ್ಲಿ ಒಬ್ಬರಿಗೆ ಜೀವನದ ಯಾವುದೋ ಒಂದು ಹಂತದಲ್ಲಿ ಬರುತ್ತದೆ. ಈ ಹಾಲ್‌ನಲ್ಲಿರುವ ಕುರ್ಚಿಗಳನ್ನು ಒಮ್ಮೆ ಎಣಿಸಿ ನೋಡಿ, ಗೊತ್ತಾಗುತ್ತದೆ.

ಫಿಟ್ಸ್ ಅಂದರೆ ನೆಲಕ್ಕೆ ಬಿದ್ದು ಕೈಕಾಲು ಒದರುವುದು ಅಂತಲೇ ಎಲ್ಲರ ತಲೆಯಲ್ಲಿದೆ. ಅದು ಒಂದು ರೀತಿ ಅಷ್ಟೇ. ತುಂಬಾ ಜನಕ್ಕೆ ಬರುವುದು ಬೇರೆ ಥರ. ಮಾತಾಡುತ್ತಾ ಇದ್ದವರು ಸುಮ್ನೆ ನಿಂತುಬಿಡುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಆದರೆ ಒಳಗೆ ಯಾರೂ ಇಲ್ಲದ ಹಾಗೆ. ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ಹಿಡಿದು ಎಳೆಯುತ್ತಿರುತ್ತಾರೆ. ಒಂದೆರಡು ನಿಮಿಷ ಆದಮೇಲೆ ವಾಪಸ್ ಬರುತ್ತಾರೆ, ಆದರೆ ತಲೆ ಇನ್ನೂ ಮಂಜು ಮಂಜು. ಯಾರಾದರೂ ಹಿಡಿದುಕೊಂಡರೆ ಕೊಸರಾಡುತ್ತಾರೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ. ಇದು ಮೆದುಳಿನ ಒಂದು ಭಾಗದಲ್ಲಿ ಶುರುವಾಗುವ ಫಿಟ್ಸ್. ನನಗೆ ಇರುವುದೂ ಇದೇ.

ಈ ಕಾಯಿಲೆಗೆ ತಡ ಆಗಿಬರುವುದಿಲ್ಲ. ಹಿಡಿತಕ್ಕೆ ಸಿಗದ ದೊಡ್ಡ ಫಿಟ್ಸ್ ಪದೇ ಪದೇ ಬರುತ್ತಿದ್ದರೆ ನೆನಪಿನ ಶಕ್ತಿ ಹೋಗುತ್ತದೆ, ಕೆಲಸ ಹೋಗುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಮೂರ್ಛೆ ರೋಗ ಇರುವ ಪ್ರತಿ 1,000 ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಬೇರೆ ಯಾವ ಕಾರಣವೂ ಕಾಣದೆ ಹಠಾತ್ತನೆ ಸಾಯುತ್ತಾರೆ, ತುಂಬಾ ಸಲ ರಾತ್ರಿ ನಿದ್ದೆಯಲ್ಲಿ. ಇಂಗ್ಲಿಷಿನಲ್ಲಿ ಇದನ್ನು ಸುಡೆಪ್ ಅನ್ನುತ್ತಾರೆ. ಫಿಟ್ಸ್ ಪೂರ್ತಿ ನಿಂತರೆ ಈ ಅಪಾಯ ಬಹಳ ಕಡಿಮೆ ಆಗುತ್ತದೆ. ಹಾಗಾಗಿ ಒಬ್ಬರನ್ನು ಒಂಬತ್ತು ವರ್ಷ ಕಾಯಿಸುವುದು ಅಂದರೆ ಒಂಬತ್ತು ವರ್ಷ ಈ ಅಪಾಯದ ಬಾಯಲ್ಲಿ ಇಟ್ಟ ಹಾಗೆ.

ಮೊದಲ ತಡ ಆಗುವುದು ಎಮರ್ಜೆನ್ಸಿ ರೂಮಿನ ಬಾಗಿಲಲ್ಲೇ.

ನಮ್ಮ ಗುಂಪಿನಲ್ಲಿ ಒಬ್ಬಾಕೆ ಇದ್ದಾಳೆ, ಕಪ್ಪು ಹೆಂಗಸು, ಶಾಲೆಯಲ್ಲಿ ಟೀಚರ್. ಅವಳಿಗೂ ನನ್ನ ಥರದ್ದೇ ಫಿಟ್ಸ್. ಮೊದಲ ಸಲ ಅಂಗಡಿಯಲ್ಲಿ ಬಂದಾಗ ಜನ ಪೊಲೀಸರನ್ನು ಕರೆದರು. ಆಸ್ಪತ್ರೆಗೆ ಹೋದಾಗ ಮೊದಲು ಕೇಳಿದ ಪ್ರಶ್ನೆ 'ಏನು ತಗೊಂಡಿದ್ದೀಯ?' ಡ್ರಗ್ ಟೆಸ್ಟ್ ಮಾಡಿದರು, ಏನೂ ಇರಲಿಲ್ಲ, ಗಾಬರಿಗೆ ಹೀಗಾಗಿದೆ ಅಂತ ಹೇಳಿ ಮನೆಗೆ ಕಳಿಸಿದರು. ಎರಡನೇ ಸಲವೂ ಅದೇ. ನರರೋಗದ ಡಾಕ್ಟರ ಹತ್ತಿರ ಹೋಗುವ ಚೀಟಿ ಸಿಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ನನ್ನ ಮೊದಲ ಸಲವೂ ಎಮರ್ಜೆನ್ಸಿಯಲ್ಲೇ. ನನ್ನನ್ನು ಕೇಳಿದ್ದು 'ನಿದ್ದೆ ಸರಿಯಾಗಿ ಆಗಿತ್ತಾ? ಮನೆಯಲ್ಲಿ ಯಾರಿಗಾದರೂ ಹೀಗಿದೆಯಾ?' ಜೊತೆಗೆ ನನ್ನ ಗಂಡ ಇದ್ದರು, ಕೈಯಲ್ಲಿ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇತ್ತು. ನನ್ನ ಚರ್ಮವೂ ಕಂದೇ. ಆದರೆ ಇಲ್ಲಿನ ಆಸ್ಪತ್ರೆಗಳಲ್ಲಿ ಭಾರತದವರು ಅಂದರೆ ಒಂದು ಕಲ್ಪನೆ ಇದೆ, ಓದಿದವರು, ಇಂಜಿನಿಯರ್ರು, ಹೇಳಿದ್ದು ಕೇಳುವವರು. ಆ ಕಲ್ಪನೆ ಅವತ್ತು ನನಗೆ ಅನುಕೂಲ ಮಾಡಿತು. ಅವಳ ಬಗ್ಗೆ ಇರುವ ಕಲ್ಪನೆ ಅವಳಿಗೆ ಅನ್ಯಾಯ ಮಾಡಿತು.

ಕೆಟ್ಟ ಡಾಕ್ಟರ್ ಸಿಕ್ಕರು, ದುರದೃಷ್ಟ ಅಂತ ಇದನ್ನು ಬಿಟ್ಟುಬಿಡಲು ಆಗುವುದಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ರೆಸಿಡೆಂಟ್, ಅಂದರೆ ಇನ್ನೂ ತರಬೇತಿಯಲ್ಲಿರುವ, ಡಾಕ್ಟರುಗಳನ್ನೂ ಕೂರಿಸಿ ಕೆಲವು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಕೇಳಿದರು. ಕಪ್ಪು ಜನರ ಚರ್ಮ ದಪ್ಪ, ಅವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಇಂಥವು. ಇವು ಸುಳ್ಳು ಮಾತುಗಳು. ಸುಮಾರು ಅರ್ಧದಷ್ಟು ಜನ ಕನಿಷ್ಠ ಒಂದು ಸುಳ್ಳನ್ನಾದರೂ ನಿಜ ಅಂದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂತ ಅಳೆಯುತ್ತಿದ್ದರು. ಇವರೆಲ್ಲ ಓದುತ್ತಿದ್ದ ಮಕ್ಕಳು. ಅವರೇ ಈಗ ವಾರ್ಡುಗಳಲ್ಲಿ ಇದ್ದಾರೆ.

ಮನುಷ್ಯರ ಕಣ್ಣನ್ನು ಬಿಡಿ, ಯಂತ್ರದ ಕಣ್ಣೂ ಹೀಗೇ ಇದೆ. ದೊಡ್ಡ ಫಿಟ್ಸ್ ಬಂದಾಗ ಉಸಿರು ಕಟ್ಟಿ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಅದನ್ನು ನೋಡಲು ಬೆರಳಿಗೆ ಕ್ಲಿಪ್ ಹಾಕುತ್ತಾರಲ್ಲ, ಕೋವಿಡ್ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು, ಆಕ್ಸಿಮೀಟರ್, ಅದು ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರ. ಕಪ್ಪು ಚರ್ಮದಲ್ಲಿ ಅದು ತಪ್ಪು ತೋರಿಸುವುದು ಜಾಸ್ತಿ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ನೋಡಿದಾಗ, ಯಂತ್ರ ಎಲ್ಲ ಸರಿ ಇದೆ ಅನ್ನುತ್ತಿದ್ದರೂ ನಿಜವಾಗಿ ಆಕ್ಸಿಜನ್ ಕಡಿಮೆ ಇದ್ದ ಸಂದರ್ಭಗಳು ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಇದ್ದವು.

ಪೊಲೀಸರ ವಿಷಯ ಹೇಳದೆ ಮುಂದೆ ಹೋಗಲಾರೆ. ಫಿಟ್ಸ್ ಮುಗಿದ ಮೇಲಿನ ಆ ಮಂಜಿನ ಹೊತ್ತಿನಲ್ಲಿ 'ಕೈ ಮೇಲೆತ್ತು' ಅಂದರೆ ಕೈ ಏಳುವುದಿಲ್ಲ. ಹಿಡಿದರೆ ದೇಹ ತಾನಾಗೇ ತಳ್ಳುತ್ತದೆ. ಕಪ್ಪು ಹುಡುಗನೊಬ್ಬ ರಸ್ತೆಯಲ್ಲಿ ಹೀಗೆ ನಿಂತರೆ ಅದನ್ನು ಎದುರು ತಿರುಗಿದ ಅಂತ ಓದುತ್ತಾರೆ. ನಮ್ಮ ಗುಂಪಿನ ತಾಯಂದಿರು ಮಗನ ಕೈಗೆ ಕಾಯಿಲೆಯ ಹೆಸರು ಬರೆದ ಮೆಡಿಕಲ್ ಬಳೆ ಹಾಕಿಸುವುದು ಫಿಟ್ಸ್‌ನ ಭಯಕ್ಕಿಂತ ಈ ಭಯಕ್ಕೇ ಜಾಸ್ತಿ. ಮಗ ಹೊರಗೆ ಹೋದಾಗಲೆಲ್ಲ ಎರಡು ಥರದ ಸಾವನ್ನು ಯೋಚಿಸಬೇಕು ಆ ತಾಯಿ.

ಇನ್ನು ಇಇಜಿ. ತಲೆಗೆ ಸಣ್ಣ ಸಣ್ಣ ಲೋಹದ ಬಿಲ್ಲೆ ಅಂಟಿಸಿ ಮೆದುಳಿನ ವಿದ್ಯುತ್ತನ್ನು ಬರೆದುಕೊಳ್ಳುವ ಪರೀಕ್ಷೆ. ಹಾನ್ಸ್ ಬರ್ಗರ್ ಅನ್ನುವ ಜರ್ಮನ್ ಡಾಕ್ಟರ್ 1924ರಲ್ಲಿ ಮೊದಲ ಸಲ ಮನುಷ್ಯರ ಮೇಲೆ ಮಾಡಿದ್ದು. ಇಂದಿಗೂ ಮೂರ್ಛೆ ರೋಗ ಪತ್ತೆ ಮಾಡಲು ಇದೇ ಮುಖ್ಯ. ಬಿಲ್ಲೆ ನೆತ್ತಿಯ ಚರ್ಮಕ್ಕೆ ಸರಿಯಾಗಿ ತಾಗಬೇಕು, ಮಧ್ಯೆ ಗಾಳಿ ಇರಬಾರದು. ನನ್ನಂಥ ನೆಟ್ಟಗಿನ ಕೂದಲಿಗೆ ಬೈತಲೆ ತೆಗೆದು ಅಂಟಿಸಿದರೆ ಆಯಿತು. ದಟ್ಟವಾಗಿ ಸುರುಳಿ ಸುತ್ತಿದ ಕೂದಲು ಬಿಲ್ಲೆಯನ್ನು ಮೇಲಕ್ಕೆ ತಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅಂಟು ಬಿಡುತ್ತದೆ, ಕಾಗದದ ತುಂಬಾ ಗೀಚು. ಆಮೇಲೆ 'ಸರಿಯಾಗಿ ಬಂದಿಲ್ಲ, ಇನ್ನೊಂದು ಸಲ ಬನ್ನಿ' ಅನ್ನುತ್ತಾರೆ. ಇನ್ನೊಂದು ಸಲ ಅಂದರೆ ಇನ್ನೆಷ್ಟೋ ತಿಂಗಳು.

ಟೀಚರ್ ಗೆಳತಿಗೆ ಒಂದು ಕಡೆ ಜಡೆ ಎಲ್ಲ ಬಿಚ್ಚಿ ಬನ್ನಿ ಅಂದರು. ಅವರ ಜಡೆ ಅಂದರೆ ನಮ್ಮ ಹಾಗೆ ಐದು ನಿಮಿಷದ ಕೆಲಸ ಅಲ್ಲ. ನೆತ್ತಿಗೆ ಅಂಟಿಕೊಂಡ ಹಾಗೆ ಸಾಲು ಸಾಲಾಗಿ ಹೆಣೆಯಲು ಗಂಟೆಗಟ್ಟಲೆ ಬೇಕು, ಸಲೂನಿಗೆ ನೂರಾರು ಡಾಲರ್ ಕೊಡಬೇಕು. ಬಿಚ್ಚಿಕೊಂಡು ಹೋದಳು. ಟೆಕ್ನಿಷಿಯನ್ ಕೂದಲು ನೋಡಿ ನಿಟ್ಟುಸಿರು ಬಿಟ್ಟರಂತೆ. ಆ ನಿಟ್ಟುಸಿರಿನ ಬಗ್ಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಫಿಟ್ಸ್ ಬಗ್ಗೆ ಹೇಳುವಾಗ ಅವಳು ಅತ್ತಿದ್ದನ್ನು ನಾನು ನೋಡಿಲ್ಲ.

ಇದಕ್ಕೆ ಪರಿಹಾರ ಹುಡುಕಿದ್ದು ಯಾರು ಗೊತ್ತಾ? ಆರ್ನೆಲ್ ಎಟಿಯೆನ್ ಅನ್ನುವ ಕಪ್ಪು ವಿದ್ಯಾರ್ಥಿನಿ, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಪುಲ್ಕಿತ್ ಗ್ರೋವರ್ ಅನ್ನುವ ಪ್ರೊಫೆಸರ್ ಲ್ಯಾಬಿನಲ್ಲಿ ಇದ್ದಳು. ಇಇಜಿ ಬಿಲ್ಲೆಗಳನ್ನು ಎಲ್ಲೆಲ್ಲಿ ಇಡಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ, ಮೂಗಿನ ಮೇಲ್ತುದಿಯಿಂದ ತಲೆಯ ಹಿಂಬದಿಯ ಉಬ್ಬಿನವರೆಗೆ ಅಳೆದು ಶೇಕಡಾ 10, 20ರ ಅಂತರದಲ್ಲಿ ಗುರುತು ಹಾಕುತ್ತಾರೆ. ಅವಳು ಹೇಳಿದ್ದು ಇಷ್ಟೇ: ಜಡೆ ಬಿಚ್ಚಿಸುವುದು ಯಾಕೆ, ಅದೇ ಗುರುತುಗಳ ಸಾಲಿನಲ್ಲಿ ಜಡೆ ಹೆಣೆದರೆ ನೆತ್ತಿ ತಾನಾಗೇ ಕಾಣುತ್ತದಲ್ಲ! ಆಮೇಲೆ ಎರಡು ಜಡೆಗಳ ಕೆಳಗೆ ಸಿಕ್ಕಿಸುವ ಹಾಗೆ ಒಂದು ಕ್ಲಿಪ್ ಮಾಡಿದರು, ಜಡೆಯೇ ಬಿಲ್ಲೆಯನ್ನು ನೆತ್ತಿಗೆ ಒತ್ತಿ ಹಿಡಿದುಕೊಳ್ಳುತ್ತದೆ. ಯಾವ ಕೂದಲನ್ನು ತೊಂದರೆ ಅಂತ ಎಲ್ಲರೂ ನೋಡುತ್ತಿದ್ದರೋ ಅದೇ ಯಂತ್ರದ ಭಾಗವಾಯಿತು. ಆ ಹೊತ್ತಿಗೆ ಬರ್ಗರ್ ಮೊದಲ ಇಇಜಿ ಮಾಡಿ ಹೆಚ್ಚು ಕಡಿಮೆ ನೂರು ವರ್ಷ ಆಗಿತ್ತು. ನೂರು ವರ್ಷ ಯಾರಿಗೂ ಇದು ತಮ್ಮ ಸಮಸ್ಯೆ ಅನ್ನಿಸಿರಲಿಲ್ಲ, ಯಾಕಂದ್ರೆ ಯಂತ್ರ ಮಾಡುವ ಕೋಣೆಯಲ್ಲಿ ಆ ಕೂದಲಿನವರು ಇರಲಿಲ್ಲ.

ಔಷಧಿಗೆ ಬರೋಣ. ಕಾಯಿಲೆ ಪತ್ತೆ ಆಯಿತು ಅಂದುಕೊಳ್ಳಿ. ಈಗ ಯಾವ ಮಾತ್ರೆ? ಹಳೆಯವು ಇವೆ, ಫೆನಿಟಾಯಿನ್, ಫಿನೋಬಾರ್ಬಿಟಾಲ್, ವಾಲ್‌ಪ್ರೋಯೇಟ್. ಅವೂ ಫಿಟ್ಸ್ ನಿಲ್ಲಿಸುತ್ತವೆ. ಆದರೆ ಫೆನಿಟಾಯಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಗರ್ಭನಿರೋಧಕ ಮಾತ್ರೆಯ ಶಕ್ತಿ ಕಡಿಮೆ ಮಾಡುತ್ತದೆ. ವಾಲ್‌ಪ್ರೋಯೇಟ್ ಬಸಿರಿನಲ್ಲಿ ತೆಗೆದುಕೊಂಡರೆ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಊನ ಬರುತ್ತದೆ, ಕಲಿಕೆಯ ತೊಂದರೆ ಅದಕ್ಕಿಂತಲೂ ಜಾಸ್ತಿ. ಹೊಸ ಔಷಧಿಗಳಲ್ಲಿ ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್ ಥರದವು ಈ ವಿಷಯದಲ್ಲಿ ಎಷ್ಟೋ ಮೇಲು. ಹಾಗಾದರೆ ಹೊಸದು ಯಾರಿಗೆ ಸಿಗುತ್ತದೆ? ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ಇನ್ಶೂರೆನ್ಸಿನ ದಾಖಲೆ ತೆಗೆದು ನೋಡಿದವರಿಗೆ ಕಂಡಿದ್ದು, ಕಪ್ಪು ಜನರಿಗೆ ಹೊಸ ಔಷಧಿ ಬರೆದುಕೊಡುವುದು ಬಿಳಿಯರಿಗಿಂತ ಕಡಿಮೆ. ಗಮನಿಸಿ, ಎಲ್ಲರದ್ದೂ ಒಂದೇ ಇನ್ಶೂರೆನ್ಸ್. ಎಲ್ಲರೂ ಬಡವರೇ. ಆದರೂ ವ್ಯತ್ಯಾಸ ಇದೆ.

ಇಲ್ಲಿ ನಮ್ಮ ವಿಷಯವೂ ಒಂದಿದೆ, ದಯವಿಟ್ಟು ಕಿವಿಗೊಟ್ಟು ಕೇಳಿ. ಕಾರ್ಬಮಜೆಪಿನ್ ಅನ್ನುವ ಔಷಧಿ ಇದೆ, ಟೆಗ್ರೆಟಾಲ್ ಅಂದರೆ ನಿಮಗೆ ಗೊತ್ತಾಗಬಹುದು. ಎಚ್‌ಎಲ್‌ಎ-ಬಿ 1502 ಅನ್ನುವ ಒಂದು ಜೀನ್ ಇರುವವರಿಗೆ ಇದು ಕೊಟ್ಟರೆ ಕೆಲವರಲ್ಲಿ ಚರ್ಮ ಸುಟ್ಟ ಹಾಗೆ ಬೊಬ್ಬೆ ಎದ್ದು ಸುಲಿಯುತ್ತದೆ, ಬಾಯಿ ಕಣ್ಣು ಎಲ್ಲ ಹುಣ್ಣು, ಪ್ರಾಣಕ್ಕೇ ಬರಬಹುದು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅನ್ನುತ್ತಾರೆ. ಈ ನಂಟನ್ನು ಕಂಡುಹಿಡಿದಿದ್ದು ತೈವಾನಿನವರು, 2004ರಲ್ಲಿ. ಯುರೋಪ್ ಮೂಲದವರಲ್ಲಿ ಈ ಜೀನ್ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ, ಚೀನಾ ಮತ್ತು ಆಗ್ನೇಯ ಏಷ್ಯಾದ ಎಷ್ಟೋ ಕಡೆ ಸಾಮಾನ್ಯ, ಭಾರತದವರಲ್ಲಿ ಸರಾಸರಿ 2ರಿಂದ 4 ಶೇಕಡಾ. 2007ರಲ್ಲಿ ಔಷಧಿಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಏಷ್ಯಾ ಮೂಲದವರಿಗೆ ಈ ಔಷಧಿ ಶುರು ಮಾಡುವ ಮೊದಲು ರಕ್ತದಲ್ಲಿ ಈ ಜೀನ್ ಇದೆಯಾ ನೋಡಿ ಅಂತ ಎಚ್ಚರಿಕೆ ಕೊಟ್ಟಿತು. ತೈವಾನಿನಲ್ಲಿ 4,877 ಜನರನ್ನು ಹೀಗೆ ಮೊದಲೇ ಪರೀಕ್ಷೆ ಮಾಡಿ, ಜೀನ್ ಇದ್ದವರಿಗೆ ಬೇರೆ ಔಷಧಿ ಕೊಟ್ಟರು. ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ.

ನನಗೆ ಮೊದಲು ಬರೆದುಕೊಟ್ಟಿದ್ದು ಇದೇ ಔಷಧಿ. ಪರೀಕ್ಷೆಯ ಮಾತೇ ಬರಲಿಲ್ಲ. ಔಷಧಿ ಅಂಗಡಿಯಲ್ಲಿದ್ದ ಫಾರ್ಮಸಿಸ್ಟ್ ನನ್ನ ಹೆಸರು ನೋಡಿ, 'ಒಂದು ನಿಮಿಷ, ನಿಮಗೆ ಟೆಸ್ಟ್ ಮಾಡಿದ್ದಾರಾ?' ಅಂತ ಕೇಳಿ ಡಾಕ್ಟರಿಗೆ ಫೋನ್ ಮಾಡಿದರು. ಆ ಹೆಣ್ಣುಮಗಳಿಗೆ ನಾನು ಇವತ್ತಿಗೂ ಋಣಿ. ಇದರಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಎಲ್ಲಿ ಮೂಲ ನಿಜವಾಗಿ ಲೆಕ್ಕಕ್ಕೆ ಬರುತ್ತದೋ, ಅಲ್ಲಿ ಅಳೆಯಬಹುದಾದ ಜೀನ್ ಇದೆ, ಪರೀಕ್ಷೆ ಇದೆ, ಆದರೂ ಮರೆಯುತ್ತಾರೆ. ಎಲ್ಲಿ ಮೂಲಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲವೋ, ನೋವು ತಡೆಯುವ ಶಕ್ತಿ, ಚರ್ಮದ ದಪ್ಪ, ಅಲ್ಲಿ ಜನಾಂಗವನ್ನು ಮರೆಯುವುದೇ ಇಲ್ಲ.

ಆಪರೇಷನ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಅತಿ ದೊಡ್ಡ ತಡ ಆಗುವುದು ಅಲ್ಲೇ.

ಹೊಸದಾಗಿ ಕಾಯಿಲೆ ಪತ್ತೆಯಾದ ಅರ್ಧದಷ್ಟು ಜನಕ್ಕೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಲ್ಲುತ್ತದೆ. ಎರಡನೆಯದರಲ್ಲಿ ಇನ್ನೂ ಕೆಲವರಿಗೆ. ಸರಿಯಾದ ಎರಡು ಔಷಧಿ ಸರಿಯಾಗಿ ತೆಗೆದುಕೊಂಡರೂ ನಿಲ್ಲದಿದ್ದರೆ ಮೂರನೆಯದು, ನಾಲ್ಕನೆಯದು ಪೂರ್ತಿ ನಿಲ್ಲಿಸುವ ಸಾಧ್ಯತೆ ತುಂಬಾ ಕಡಿಮೆ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳು ಹೀಗೆ ಉಳಿಯುತ್ತಾರೆ. ಅವರಲ್ಲಿ ಕೆಲವರಿಗೆ ಮೆದುಳಿನಲ್ಲಿ ಫಿಟ್ಸ್ ಶುರುವಾಗುವ ಜಾಗ ಹುಡುಕಿ ಆ ಸಣ್ಣ ಭಾಗ ತೆಗೆಯಬಹುದು. 2001ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನ ಇದೆ, 80 ಜನರಲ್ಲಿ ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಔಷಧಿ ಮುಂದುವರಿಕೆ. ಒಂದು ವರ್ಷದ ಕೊನೆಗೆ ಆಪರೇಷನ್ ಪಾಲಿಗೆ ಬಂದವರಲ್ಲಿ 58% ಜನ ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಔಷಧಿಯವರಲ್ಲಿ 8%. ಇಷ್ಟು ದೊಡ್ಡ ವ್ಯತ್ಯಾಸ ವೈದ್ಯಕೀಯದಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಹಾಗಿದ್ದೂ ಇಲ್ಲಿ ರೋಗಿಗಳು ಆಪರೇಷನ್ ಟೇಬಲ್ಲಿಗೆ ತಲುಪುವ ಹೊತ್ತಿಗೆ ಕಾಯಿಲೆ ಶುರುವಾಗಿ ಸರಾಸರಿ 20 ವರ್ಷ ಆಗಿರುತ್ತದೆ. ಇದು ಎಲ್ಲ ಬಣ್ಣದವರ ಸರಾಸರಿ. 2005ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಒಂದು ಅಧ್ಯಯನ, ಆಪರೇಷನ್ನಿಗೆ ಯೋಗ್ಯವಾದ ಕಾಯಿಲೆ ಇದ್ದವರಲ್ಲೇ ನೋಡಿತು. ಕಪ್ಪು ರೋಗಿಗಳಿಗೆ ಆಪರೇಷನ್ ಆಗುವ ಸಾಧ್ಯತೆ ಬಿಳಿಯರಿಗಿಂತ ಸುಮಾರು 60% ಕಡಿಮೆ ಇತ್ತು.

ಇದನ್ನು ಹೇಳಿದಾಗ ಕೆಲವು ಡಾಕ್ಟರುಗಳು ಒಂದು ಮಾತು ಹೇಳುತ್ತಾರೆ, 'ಅವರೇ ಒಪ್ಪುವುದಿಲ್ಲ, ನಂಬಿಕೆ ಇಲ್ಲ.' ನಂಬಿಕೆ ಯಾಕಿಲ್ಲ ಅಂತ ಮಾತ್ರ ಕೇಳುವುದಿಲ್ಲ.

ಹೆನ್ರಿಯೆಟಾ ಲ್ಯಾಕ್ಸ್ ಹೆಸರು ಕೇಳಿರುತ್ತೀರಿ. 1951ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಕಪ್ಪು ಹೆಂಗಸು, ಅವರ ಜೀವಕೋಶಗಳನ್ನು ಕೇಳದೆ ತೆಗೆದುಕೊಂಡರು, ಹೀಲಾ ಅನ್ನುವ ಹೆಸರಲ್ಲಿ ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಅವರ ದೊಡ್ಡ ಮಗಳು ಎಲ್ಸಿಯ ವಿಷಯ ಕಡಿಮೆ ಜನಕ್ಕೆ ಗೊತ್ತು. ಆ ಮಗುವಿಗೆ ಮೂರ್ಛೆ ರೋಗ ಇತ್ತು. ಅವಳನ್ನು ಮೇರಿಲ್ಯಾಂಡಿನ ಕ್ರೌನ್ಸ್‌ವಿಲ್ ಆಸ್ಪತ್ರೆಗೆ ಸೇರಿಸಿದ್ದರು. ಅದು 1911ರಲ್ಲಿ 'ನೀಗ್ರೋ ಹುಚ್ಚರ ಆಸ್ಪತ್ರೆ' ಅನ್ನುವ ಹೆಸರಲ್ಲೇ ಶುರುವಾದದ್ದು, ಕಟ್ಟಡವನ್ನು ರೋಗಿಗಳ ಕೈಯಲ್ಲೇ ಕಟ್ಟಿಸಿದ್ದರು. 1950ರ ದಶಕದಲ್ಲಿ ಅಲ್ಲಿ ಕಾಲಿಡಲೂ ಜಾಗ ಇಲ್ಲದಷ್ಟು ಜನ. ಮೂರ್ಛೆ ರೋಗ ಇದ್ದವರ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತಿತ್ತು, ತಲೆಯೊಳಗಿನ ನೀರನ್ನು ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುವುದು. ಮಾಡಿದ ಮೇಲೆ ದಿನಗಟ್ಟಲೆ ತಡೆಯಲಾರದ ತಲೆನೋವು, ವಾಂತಿ. ಅದು ನಡೆದ ಕಾಲದಲ್ಲಿ ಎಲ್ಸಿ ಅಲ್ಲೇ ಇದ್ದಳು. 1955ರಲ್ಲಿ, 15ನೇ ವಯಸ್ಸಿಗೆ, ಅಲ್ಲೇ ತೀರಿಕೊಂಡಳು. ಫಿಟ್ಸ್ ಇರುವ ಒಂದು ಕಪ್ಪು ಮಗುವಿಗೆ ಈ ದೇಶ ಕೊಟ್ಟಿದ್ದು ಅದು. ಅವಳ ವಯಸ್ಸಿನವರು ಇವತ್ತೂ ಬದುಕಿದ್ದಾರೆ, ಅಜ್ಜಿಯಂದಿರಾಗಿದ್ದಾರೆ, ಮೊಮ್ಮಕ್ಕಳ ಆಪರೇಷನ್ ಫಾರ್ಮಿಗೆ ಸಹಿ ಹಾಕುವ ಮುಂಚೆ ಮನೆಯವರು ಅವರ ಮಾತು ಕೇಳುತ್ತಾರೆ.

ಅಲಬಾಮಾದ ಟಸ್ಕೀಗಿಯೂ ದೂರದ ಕಥೆ ಅಲ್ಲ. 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಏನಾಗುತ್ತದೆ ಅಂತ ಸರ್ಕಾರಿ ಡಾಕ್ಟರುಗಳು ನೋಡುತ್ತಾ ಕೂತರು, ಅದನ್ನು ವಾಸಿ ಮಾಡುವ ಪೆನಿಸಿಲಿನ್ ಎಲ್ಲ ಕಡೆ ಸಿಗುತ್ತಿದ್ದ ಕಾಲದಲ್ಲೂ.

ಅದೇ ಹೊತ್ತಿಗೆ, ಒಳ್ಳೆಯ ಚಿಕಿತ್ಸೆ ಸಿಗುತ್ತದೆ ಅಂದರೆ ಕಪ್ಪು ಜನ ಹಿಂಜರಿಯುತ್ತಾರೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಹ್ಯಾರಿಯೆಟ್ ಟಬ್ಮನ್ ಇದ್ದರಲ್ಲ, ಗುಲಾಮಗಿರಿಯಿಂದ ತಾವು ಓಡಿ ಬಂದು, ಮತ್ತೆ ಮತ್ತೆ ವಾಪಸ್ ಹೋಗಿ ಸುಮಾರು 70 ಜನರನ್ನು ಬಿಡಿಸಿಕೊಂಡು ಬಂದವರು. ಹುಡುಗಿಯಾಗಿದ್ದಾಗ ಒಬ್ಬ ಮೇಸ್ತ್ರಿ ಎಸೆದ ತೂಕದ ಕಲ್ಲು ಅವರ ತಲೆಗೆ ಬಿತ್ತು. ಅಲ್ಲಿಂದ ಜೀವನಪೂರ್ತಿ ಇದ್ದಕ್ಕಿದ್ದ ಹಾಗೆ ಎಚ್ಚರ ತಪ್ಪುತ್ತಿತ್ತು. ಮೂರ್ಛೆ ರೋಗವೇ ಇರಬೇಕು ಅಂತ ಚರಿತ್ರೆ ಬರೆದ ಹಲವರು ಹೇಳುತ್ತಾರೆ. ಮುದುಕಿಯಾದ ಮೇಲೆ, 1890ರ ದಶಕದ ಕೊನೆಗೆ, ಬಾಸ್ಟನ್ನಿನ ಆಸ್ಪತ್ರೆಗೆ ತಾವೇ ಹೋಗಿ ತಲೆಗೆ ಆಪರೇಷನ್ ಮಾಡಿಸಿಕೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕಾಡಿನ ದಾರಿಯಲ್ಲಿ, ಹಿಂದೆ ಬೇಟೆನಾಯಿ ಬರುತ್ತಿರುವಾಗ, ಹೀಗೆ ಎಚ್ಚರ ತಪ್ಪುವ ಹೆಂಗಸು ಅಷ್ಟು ಜನರನ್ನು ದಾಟಿಸಿದರು. ಫಿಟ್ಸ್ ಇರುವ ಮಕ್ಕಳಿಗೆ ಅವರ ಬಗ್ಗೆ ಹೇಳಬೇಕು. ನನ್ನ ಮಕ್ಕಳಿಗೆ ಹೇಳಿದ್ದೇನೆ.

ದೂರ, ದುಡ್ಡು, ಇನ್ಶೂರೆನ್ಸ್, ಇವನ್ನು ಬೇಗ ಮುಗಿಸುತ್ತೇನೆ. ಫಿಟ್ಸ್ ಬಂದರೆ ರಾಜ್ಯಕ್ಕೆ ತಕ್ಕ ಹಾಗೆ ಹಲವು ತಿಂಗಳು, ಕೆಲವು ಕಡೆ ವರ್ಷದವರೆಗೆ, ಕಾರು ಓಡಿಸುವ ಹಾಗಿಲ್ಲ. ಬಸ್ಸೇ ಇಲ್ಲದ ಊರಲ್ಲಿ, ನೂರು ಮೈಲಿ ಆಚೆ ಇರುವ, ಮೂರ್ಛೆ ರೋಗಕ್ಕೇ ಮೀಸಲಾದ ಎಪಿಲೆಪ್ಸಿ ಸೆಂಟರಿಗೆ ಹೋಗುವುದು ಹೇಗೆ? ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಲು 2010ರ ಕಾನೂನು ದಾರಿ ಮಾಡಿಕೊಟ್ಟರೂ 2025ರಲ್ಲೂ 10 ರಾಜ್ಯಗಳು ಮಾಡಿರಲಿಲ್ಲ, ಟೆಕ್ಸಸ್, ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ ಎಲ್ಲ ಅದರಲ್ಲಿವೆ. ಈ ದೇಶದ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ ಇರುವುದೇ ದಕ್ಷಿಣದಲ್ಲಿ.

ಈಗ ಪ್ರಶ್ನೆಗಳು.

ಹಿರಿಯರೊಬ್ಬರು ಎದ್ದು ಕೇಳಿದರು: 'ಅಮ್ಮಾ, ಇದು ಬಣ್ಣದ್ದಲ್ಲ, ಬಡತನದ್ದು ಅಲ್ವಾ? ದುಡ್ಡಿದ್ದರೆ ಎಲ್ಲರಿಗೂ ಸಿಗುತ್ತದೆ.' ಬಡತನ ಇದೆ ಸರ್, ಖಂಡಿತ ಇದೆ. ಆದರೆ ಮೆಡಿಕೇಡ್ ದಾಖಲೆ ಹೇಳಿದೆನಲ್ಲ, ಅಲ್ಲಿ ಎಲ್ಲರೂ ಬಡವರು. ಟೀಚರ್ ಗೆಳತಿಗೆ ಸಂಬಳ ಇತ್ತು, ಇನ್ಶೂರೆನ್ಸ್ ಇತ್ತು. ಆಕ್ಸಿಮೀಟರ್ ಯಾರ ಬ್ಯಾಂಕ್ ಖಾತೆಯನ್ನೂ ನೋಡುವುದಿಲ್ಲ. ಇನ್ನೂ ಒಂದು ಮಾತು, ಕಪ್ಪು ಜನ ಬಡವರಾಗಿ ಉಳಿದದ್ದು ತಾನಾಗೇ ಆದದ್ದಲ್ಲ. 1946ರ ಕಾನೂನಿನ ಪ್ರಕಾರ ಆಸ್ಪತ್ರೆ ಕಟ್ಟಲು ಕೇಂದ್ರ ಸರ್ಕಾರ ಕೊಟ್ಟ ಹಣದಲ್ಲೇ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಆಸ್ಪತ್ರೆ ಕಟ್ಟಬಹುದಿತ್ತು, 1963ರಲ್ಲಿ ಕೋರ್ಟ್ ತಪ್ಪು ಅನ್ನುವವರೆಗೆ. ನಮ್ಮಲ್ಲಿ ಕೆಲವರು ಕಪ್ಪು ಜನರ ಬಗ್ಗೆ ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನಮ್ಮ ಮಕ್ಕಳಲ್ಲಿ ಎಷ್ಟೊಂದು ಜನ ಡಾಕ್ಟರಾಗುತ್ತಿದ್ದಾರೆ. ಊಟದ ಮನೆಯಲ್ಲಿ ಕೇಳಿದ ಮಾತು ಅವರ ಜೊತೆ ವಾರ್ಡಿಗೂ ಹೋಗುತ್ತದೆ. ಇದನ್ನು ಕೋಪದಿಂದ ಹೇಳುತ್ತಿಲ್ಲ, ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಇನ್ನೊಬ್ಬರು ಕೇಳಿದ್ದು: 'ನಮ್ಮ ಅತ್ತೆ ಊರಿಂದ ಬಂದಿದ್ದಾರೆ, ಕನ್ನಡ ಬಿಟ್ಟರೆ ಬೇರೆ ಬರಲ್ಲ. ಆಸ್ಪತ್ರೆಯಲ್ಲಿ ನನ್ನ ಹತ್ತು ವರ್ಷದ ಮಗನ ಕೈಯಲ್ಲಿ ಹೇಳಿಸಿದರು, ಸರೀನಾ?' ಸರಿ ಅಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಪುಕ್ಕಟೆಯಾಗಿ ಒದಗಿಸಬೇಕು, ಫೋನಿನಲ್ಲಾದರೂ. 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದ ಹಕ್ಕು ಅದು. ತೀರಾ ತುರ್ತು ಇಲ್ಲದಿದ್ದರೆ ಮಕ್ಕಳ ಕೈಯಲ್ಲಿ ಹೇಳಿಸುವ ಹಾಗಿಲ್ಲ. ಆ ಕಾಯ್ದೆಗಾಗಿ ಬೀದಿಗೆ ಇಳಿದು ಪೆಟ್ಟು ತಿಂದವರಲ್ಲಿ ಮುಂದೆ ಇದ್ದವರು ಕಪ್ಪು ಜನ. ನಿಮ್ಮ ಅತ್ತೆಗೆ ಕನ್ನಡದಲ್ಲಿ ಮಾತಾಡುವ ಹಕ್ಕು ಸಿಕ್ಕಿದ್ದರಲ್ಲಿ ಅವರ ಪಾಲಿದೆ.

ಒಬ್ಬ ಹುಡುಗಿ, ಎದುರಿಗೆ ಯಾರಿಗಾದರೂ ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಕೇಳಿದಳು. ಒಂದು ಮಗ್ಗುಲಿಗೆ ಮಲಗಿಸಿ. ತಲೆ ಕೆಳಗೆ ಮೆತ್ತಗಿನದು ಏನಾದರೂ ಇಡಿ. ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ, ಬೀಗದ ಕೈ ಏನೂ ಬೇಡ. ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಂಬುಲೆನ್ಸಿಗೆ 911 ಫೋನ್ ಮಾಡಿ. ಬಿದ್ದವರು ಕಪ್ಪು ಹುಡುಗ ಆಗಿದ್ದರೆ, ಜನ ಬರುವವರೆಗೂ, ಅವನಿಗೆ ಪೂರ್ತಿ ಎಚ್ಚರ ಬರುವವರೆಗೂ ಅಲ್ಲೇ ನಿಲ್ಲಿ. ಪೊಲೀಸರು ಬಂದರೆ ಇದು ಫಿಟ್ಸ್, ಇವನಿಗೆ ಈಗ ಮಾತು ಅರ್ಥ ಆಗಲ್ಲ ಅಂತ ಗಟ್ಟಿಯಾಗಿ ಹೇಳಿ.

ಕೊನೆಯ ಪ್ರಶ್ನೆ ನರರೋಗ ವಿಭಾಗದಲ್ಲಿ ರೆಸಿಡೆಂಟ್ ಆಗಿರುವ ಹುಡುಗನದು. 'ಅಕ್ಕಾ, ವ್ಯವಸ್ಥೆ ಇಷ್ಟು ದೊಡ್ಡದು. ನಾನು ಸೋಮವಾರ ಡ್ಯೂಟಿಗೆ ಹೋದಾಗ ಏನು ಮಾಡಬಹುದು?'

ನಿಮ್ಮ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಎರಡು ಔಷಧಿ ಆದಮೇಲೂ ಫಿಟ್ಸ್ ನಿಲ್ಲದವರ ಪಟ್ಟಿ ತೆಗೆಯಪ್ಪ. ಅವರಲ್ಲಿ ಯಾರನ್ನು ಎಪಿಲೆಪ್ಸಿ ಸೆಂಟರಿಗೆ ಕಳಿಸಿದ್ದೀರಿ, ಯಾರನ್ನು ಕಳಿಸಿಲ್ಲ, ಗುರುತು ಹಾಕು. ಕಳಿಸದವರ ಪಕ್ಕದಲ್ಲಿ ಅವರ ಜನಾಂಗ ಬರೆ, ಎರಡನೇ ಔಷಧಿ ಸೋತು ಎಷ್ಟು ವರ್ಷ ಆಯಿತು ಬರೆ. ಆ ಹಾಳೆಯನ್ನು ನಿಮ್ಮ ಹಿರಿಯ ಡಾಕ್ಟರ ಮೇಜಿನ ಮೇಲೆ ಇಡು. ಆಮೇಲೆ ಯಾರಿಗೆ ಜಾಸ್ತಿ ವರ್ಷ ಆಗಿದೆಯೋ ಅವರಿಂದ ಶುರು ಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡು. ಮೊದಲ ಸಲ ಎತ್ತದಿದ್ದರೆ ಮತ್ತೆ ಮಾಡು. ಒಪ್ಪುವುದಿಲ್ಲ ಅಂದರೆ ಯಾಕೆ ಅಂತ ಕೇಳು, ಕೇಳಿ ಪೂರ್ತಿ ಉತ್ತರ ಬರುವವರೆಗೆ ಲೈನಿನಲ್ಲಿ ಇರು.